ಚಾದರದ ಚಿತ್ತಾರ ಟ್ಯಾಬ್ಲೆಟ್‌ನಲ್ಲಿ ಆಗ್ತದೇನು?

ಮಕ್ಕಳೇ, ನಿಮ್ಮ ಮನೆಯಲ್ಲಿ ಸೊಲ್ಲಾಪುರದ ಚಾದರ ಇದ್ದರೆ ಇವತ್ತು ಹೊದ್ದುಕೊಳ್ಳುವ ಮೊದಲು ಅದರ ಹೂವನ್ನು ಹತ್ತಿರದಿಂದ ನೋಡ್ರಿ. ದೂರದಿಂದ ದುಂಡಗೆ ಕಾಣುವ ಎಸಳು ಹತ್ತಿರದಿಂದ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಯಾಕಂದ್ರೆ ಅದು ಪೆನ್ಸಿಲ್ಲಿನ ಗೆರೆಯಲ್ಲ, ಚಿಕ್ಕ ಚಿಕ್ಕ ಚೌಕಗಳ ಸಾಲು.

ಇಂಥ ಚಿತ್ತಾರ ನೇಯುವ ಜಕಾರ್ಡ್ ಮಗ್ಗಕ್ಕೆ ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ಅವರ ಹೆಸರಿದೆ. ಅವರು ಅದನ್ನು ರೂಪಿಸಿದ್ದು 1804ರ ಸುಮಾರಿಗೆ. ಅದರಲ್ಲಿ ತೂತು ಹೊಡೆದ ಕಾರ್ಡುಗಳ ಸರಮಾಲೆ ಇರುತ್ತದೆ. ತೂತು ಇದ್ದಲ್ಲಿ ಹಾಸಿನ ದಾರ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ, ನಡುವೆ ಹೊಕ್ಕಿನ ದಾರ ಹಾಯುತ್ತದೆ. ಮುಂದೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತಮ್ಮ ಲೆಕ್ಕದ ಯಂತ್ರಕ್ಕೂ ಇಂಥ ಕಾರ್ಡುಗಳನ್ನೇ ಬಳಸಲು ಯೋಜಿಸಿದರು. ಅಂದರೆ ಚಾದರದ ಮಗ್ಗವೂ ಕಂಪ್ಯೂಟರೂ ದೂರದ ಬೀಗರು!

ಹಿಂದೆ ಚಿತ್ತಾರಗಾರರು ಗ್ರಾಫ್ ಕಾಗದದ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬುತ್ತಿದ್ದರು. ಈಗ ಆ ಕೆಲಸ ಕಂಪ್ಯೂಟರಿನಲ್ಲಿ ನಡೆಯುತ್ತದೆ. 2022ರಲ್ಲಿ 14.6 ಇಂಚಿನ ಟ್ಯಾಬ್ಲೆಟ್ ಕೂಡ ಮಾರುಕಟ್ಟೆಗೆ ಬಂತು. ಹಾಗಾದರೆ ಈ ಕೆಲಸಕ್ಕೆ ಕಂಪ್ಯೂಟರ್ ಬಿಟ್ಟು ದೊಡ್ಡ ಟ್ಯಾಬ್ಲೆಟ್ ಸಾಕೇ?

ಮೊದಲು ಶಕ್ತಿಯ ಲೆಕ್ಕ ಮಾಡೋಣ. ಒಂದು ಹೂವಿಗೆ 400 ದಾರ, 600 ಸಾಲು ಎಂದುಕೊಳ್ಳಿ. ಒಟ್ಟು 2,40,000 ಚೌಕಗಳು. ಪ್ರತಿ ಚೌಕಕ್ಕೆ ದಾರ ಮೇಲೆ ಅಂದರೆ 1, ಕೆಳಗೆ ಅಂದರೆ 0. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಬೇಕಾದದ್ದು ಕೇವಲ 30,000 ಬೈಟ್. ನಿಮ್ಮ ಮೊಬೈಲಿನ ಒಂದು ಫೋಟೊ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು! ಶಕ್ತಿಯ ಕೊರತೆ ಇಲ್ಲವೇ ಇಲ್ಲ. 2021ರ ಐಪ್ಯಾಡ್ ಪ್ರೊನಲ್ಲಿ ಇದ್ದದ್ದು ಅದೇ ಕಂಪನಿಯ ಲ್ಯಾಪ್‌ಟಾಪಿನಲ್ಲಿದ್ದ ಎಂ1 ಚಿಪ್ಪೇ.

ಹೂವಿನ ಮೊದಲ ರೂಪ ಬಿಡಿಸಲು ಟ್ಯಾಬ್ಲೆಟ್ಟೇ ಮೇಲು. ಅದರ ಪೆನ್ ಒತ್ತಿದರೆ ಗೆರೆ ದಪ್ಪ, ಹಗುರಾದರೆ ತೆಳು. ಇಲಿ ಹಿಡಿದು ಮೌಸಿನಿಂದ ಬಳ್ಳಿ ಬಿಡಿಸಿ ನೋಡ್ರಿ, ಕಷ್ಟ ಗೊತ್ತಾಗ್ತದ.

ಆದರೆ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಗೆರೆಯನ್ನು ಚೌಕಕ್ಕೆ ಇಳಿಸಬೇಕು, ದಾರದ ಲೆಕ್ಕ ಸರಿಪಡಿಸಬೇಕು, ಮಗ್ಗ ಓದಬಲ್ಲ ಫೈಲ್ ಮಾಡಬೇಕು. ವಿಂಡೋಸ್‌ಗಾಗಿ ಬರೆದ ಪ್ರೋಗ್ರಾಂ ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ಹಾಗೆಯೇ ಓಡುವುದಿಲ್ಲ. ಒಂದು ಚೌಕ ತಪ್ಪಿದರೆ ಆ ತಪ್ಪು ಹೂವು ಬಂದಲ್ಲೆಲ್ಲ ಮತ್ತೆ ಮತ್ತೆ ಬೀಳುತ್ತದೆ. ಅಲ್ಲಿ ದಪ್ಪ ಬೆರಳಿಗಿಂತ ಮೌಸಿನ ಚೂಪು ತುದಿಯೇ ಬೇಕು.

ಇನ್ನೊಂದು ಪ್ರಯೋಗ ನೀವೇ ಮಾಡಿ. ಕೀಬೋರ್ಡಿನ ಎಫ್ ಮತ್ತು ಜೆ ಗುಂಡಿಗಳ ಮೇಲೆ ಬೆರಳಾಡಿಸಿ. ಸಣ್ಣ ಗೀಟು ತಾಗುತ್ತದೆ. ಅದು ಬೆರಳಿಗೆ ದಾರಿ ತೋರಿಸುವ ಮೈಲುಗಲ್ಲು. ಕಣ್ಣು ಮುಚ್ಚಿಯೂ ಬರೆಯಬಹುದು. ಟ್ಯಾಬ್ಲೆಟ್ಟಿನ ಗಾಜು ನುಣುಪು, ಗೀಟು ಇಲ್ಲ. ಹತ್ತು ಸಾಲನ್ನು ಎರಡರಲ್ಲೂ ಬರೆದು ಗಡಿಯಾರ ನೋಡ್ರಿ. ಮಹಾರಾಷ್ಟ್ರದ ಸರಕಾರಿ ಗುಮಾಸ್ತ ಹುದ್ದೆಗೆ ಮರಾಠಿಯಲ್ಲಿ ನಿಮಿಷಕ್ಕೆ 30 ಪದ ಅಥವಾ ಇಂಗ್ಲಿಷಿನಲ್ಲಿ 40 ಪದದ ವೇಗ ಕೇಳುತ್ತಾರೆ. ಆ ವೇಗ ಕೀಬೋರ್ಡಿನ ಮೇಲೆ ಕಲಿತದ್ದೇ ಕೈಗೆ ಬರುತ್ತದೆ.

ಟ್ಯಾಬ್ಲೆಟ್ಟಿಗೂ ಕೀಬೋರ್ಡ್, ಮೌಸ್ ಜೋಡಿಸಬಹುದಲ್ಲ ಅಂತ ನೀವು ಕೇಳಬಹುದು. ಹೌದು, ಪತ್ರ ಬರೆಯಲು, ಲೆಕ್ಕ ಇಡಲು ಅದು ಸಾಕು. ಆದರೆ ಅವುಗಳ ಬೆಲೆಯನ್ನೂ ಕೂಡಿಸಿ ನೋಡಿ. ಆಗ ನೀವು ಕೊಂಡದ್ದು ಬಿಡಿಬಿಡಿಯಾದ ಒಂದು ಲ್ಯಾಪ್‌ಟಾಪ್ ಆಗಿರುತ್ತದೆ. ಪ್ರೋಗ್ರಾಂ ಓಡುತ್ತದೋ ಇಲ್ಲವೋ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ಹತ್ತನೆಯ ತರಗತಿ ಮುಗಿದ ಮೇಲೆ ಅಪ್ಪ ಕೂಡಿಟ್ಟ ಹಣದಲ್ಲಿ ಒಂದೇ ಯಂತ್ರ ಕೊಳ್ಳುವ ದಿನ ನಿಮ್ಮ ಮನೆಗೂ ಬರಬಹುದು. ಅಂಗಡಿಯಲ್ಲಿ ಪರದೆ ಎಷ್ಟು ಇಂಚು ಎಂದು ಮೊದಲು ಕೇಳಬೇಡಿ. ನಾನು ಕಲಿಯಬೇಕಾದ ಕೆಲಸ ಯಾವುದು, ಅದರ ಪ್ರೋಗ್ರಾಂ ಇದರಲ್ಲಿ ಕೊನೆಯ ಹೆಜ್ಜೆಯವರೆಗೂ ಓಡುತ್ತದೆಯೇ ಎಂದು ಕೇಳಿ. ಓದಲು, ನೋಡಲು, ಬಿಡಿಸಲು ಟ್ಯಾಬ್ಲೆಟ್ ಚಂದ. ಬಿಡಿಸಿದ್ದನ್ನು ಮಗ್ಗದವರೆಗೆ ಮುಟ್ಟಿಸಲು ಸದ್ಯಕ್ಕೆ ಕಂಪ್ಯೂಟರೇ ಬೇಕು.