ರೋಗಿ ನಿದ್ರಿಸುವಾಗ ಎಚ್ಚರವಿರುವವರ ಅರ್ಹತೆ

ಕಳೆದ ಶ್ರಾವಣದಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ಶ್ರೀಮಠದ ಹಳೆಯ ಭಕ್ತರೊಬ್ಬರು ಮಗಳೊಂದಿಗೆ ಬಂದಿದ್ದರು. ಮಗಳು ರೆಸ್ಪಿರೇಟರಿ ಥೆರಪಿಯಲ್ಲಿ, ಅಂದರೆ ಶ್ವಾಸಚಿಕಿತ್ಸೆಯಲ್ಲಿ, ಬಿ.ಎಸ್‌ಸಿ. ಪದವಿ ಪಡೆದು ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ನಾಲ್ಕು ವರ್ಷಗಳಿಂದ ದುಡಿಯುತ್ತಿರುವವಳು. ಆ ಆಸ್ಪತ್ರೆಯು ಹೊಸದಾಗಿ ತೆರೆಯಲಿರುವ ಸ್ಲೀಪ್ ಲ್ಯಾಬಿಗೆ ಅವಳನ್ನೇ ಸಂಯೋಜಕಿಯನ್ನಾಗಿ ನೇಮಿಸಲು ಮುಂದಾಗಿತ್ತು. ತಂದೆಗೆ ಇದು ಸಮಾಧಾನವಿಲ್ಲ. "ಡಾಕ್ಟರ್ರ, ಮಂದಿ ಗೊರಕಿ ಹೊಡಿಯೂದನ್ನ ರಾತ್ರಿಯೆಲ್ಲಾ ಕುಂತು ನೋಡಾಕ ಇಷ್ಟು ಓದಸಬೇಕಾಗಿತ್ತೇನ್ರಿ?" ಎಂದು ಕೇಳಿದರು. ಮಗಳ ಪ್ರಶ್ನೆ ಬೇರೆಯಾಗಿತ್ತು. ಆ ಕೆಲಸಕ್ಕೆ ತನ್ನ ಓದು ಸಾಕೇ ಎಂಬುದು ಅವಳ ಅಳುಕು.

ತಂದೆಯ ಪ್ರಶ್ನೆಗೆ ಉತ್ತರಿಸಲು ನಾವು ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳಬೇಕಾಯಿತು. ಸುಮಾರು ಹದಿನೈದು ವರ್ಷಗಳ ಹಿಂದೆ ಲಾರಿ ಚಾಲಕರೊಬ್ಬರು ನಮ್ಮಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಸ್ಥೂಲಕಾಯ, ಗಿಡ್ಡ ದಪ್ಪ ಕುತ್ತಿಗೆ, ಹಗಲೆಲ್ಲ ತೂಕಡಿಕೆ, ಬೆಳಗ್ಗೆ ಎದ್ದಾಗ ತಲೆಭಾರ. ಕಫದೋಷವೆಂದು ನಿರ್ಧರಿಸಿ ನಾವು ತ್ರಿಕಟು, ಗುಗ್ಗುಲುಗಳನ್ನು ಕೊಡುತ್ತ ಲಘು ಆಹಾರವನ್ನು ವಿಧಿಸಿದೆವು. ಅವರ ಧರ್ಮಪತ್ನಿ ಒಮ್ಮೆ, "ರಾತ್ರಿ ಗೊರಕಿ ಒಮ್ಮೆಲೆ ನಿಂತು ಉಸಿರೇ ಇರೂದಿಲ್ರೀ, ನಾನು ಅಲುಗಾಡಿಸಿ ಎಬ್ಬಸ್ತೀನಿ" ಎಂದಿದ್ದರು. ಆ ಒಂದು ಮಾತಿನಲ್ಲಿ ರೋಗನಿರ್ಣಯವೇ ಇತ್ತು. ಅದನ್ನು ಗ್ರಹಿಸಲು ನಮಗೆ ಒಂದು ವರ್ಷ ಹಿಡಿಯಿತು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲತೆಯನ್ನೂ ನಿದ್ರೆಯನ್ನೂ ಒಂದೆಡೆಯೇ ವಿಚಾರಿಸುತ್ತದೆ. ವಿದ್ಯಾರ್ಥಿದೆಸೆಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದ ನಮಗೆ ಎದುರಿನಲ್ಲಿ ಕುಳಿತ ರೋಗಿಯಲ್ಲಿ ಅವೆರಡನ್ನು ಕೂಡಿಸಿ ನೋಡಲಾಗಲಿಲ್ಲ.

ಕೊನೆಗೆ ಅವರನ್ನು ನಿದ್ರಾಪರೀಕ್ಷೆಗೆ ಕಳುಹಿಸಿದೆವು. ವಿಶೇಷ ದೋಷವಿಲ್ಲವೆಂದು ವರದಿ ಬಂದಿತು. ಕಾಗದವನ್ನು ನಂಬಿದೆವು. ಎರಡು ತಿಂಗಳಾಗುವಷ್ಟರಲ್ಲಿ ಅವರು ಬೆಳಗಿನ ಜಾವ ತೂಕಡಿಸಿ ಲಾರಿಯನ್ನು ರಸ್ತೆಬದಿಯ ಮರಕ್ಕೆ ಗುದ್ದಿದರು. ಕಾಲು ಮುರಿಯಿತು, ಜೀವ ಉಳಿಯಿತು. ಅನಂತರ ಶ್ವಾಸಕೋಶ ತಜ್ಞರಾದ ನಮ್ಮ ಮಿತ್ರರೊಬ್ಬರು ಆ ಪರೀಕ್ಷೆಯ ಮೂಲ ದಾಖಲೆಯನ್ನು ತರಿಸಿ ನೋಡಿದರು. ನಡುರಾತ್ರಿಗೆ ಮೊದಲೇ ಮೂಗಿನ ಬಳಿಯ ನಳಿಕೆ ಸರಿದುಹೋಗಿತ್ತು, ಬೆರಳಿಗೆ ಹಾಕಿದ್ದ ಆಮ್ಲಜನಕದ ಮಾಪಕ ಕಳಚಿತ್ತು. ಬೆಳಗಿನವರೆಗೂ ಯಾರೂ ಒಳಗೆ ಹೋಗಿ ಅವನ್ನು ಸರಿಪಡಿಸಿರಲಿಲ್ಲ. ರಾತ್ರಿ ಪಾಳಿಯವನು ನಿದ್ರೆಹೋಗಿದ್ದನು. ಬೇರೆಡೆ ಮತ್ತೆ ಪರೀಕ್ಷೆ ಮಾಡಿಸಿದಾಗ ಗಂಟೆಗೆ ಐವತ್ತಕ್ಕೂ ಹೆಚ್ಚು ಸಲ ಅವರ ಉಸಿರು ನಿಲ್ಲುತ್ತಿರುವುದು ಅಥವಾ ಕುಗ್ಗುತ್ತಿರುವುದು ಕಂಡಿತು.

ಈ ವೃತ್ತಾಂತವನ್ನು ಕೇಳಿದ ಮೇಲೆ ತಂದೆ ಗೊರಕೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಗೊರಕೆ ಹೊಡೆಯುವವನು ಗಾಢನಿದ್ರೆಯಲ್ಲಿದ್ದಾನೆಂದು ನಮ್ಮ ಜನ ಭಾವಿಸುತ್ತಾರೆ, ಕುಂಭಕರ್ಣನೆಂದು ಹಾಸ್ಯ ಮಾಡುತ್ತಾರೆ. ನಿಜಸ್ಥಿತಿ ಅನೇಕ ವೇಳೆ ಇದಕ್ಕೆ ವಿರುದ್ಧವಾದುದು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗವು ಮುಚ್ಚಿಕೊಳ್ಳುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಬೆಚ್ಚಿ ಕ್ಷಣಮಾತ್ರ ಎಚ್ಚರಗೊಂಡು ದಾರಿ ತೆರೆಯುತ್ತದೆ. ರೋಗಿಗೆ ಈ ಎಚ್ಚರದ ಅರಿವೇ ಇರುವುದಿಲ್ಲ. ಉಸಿರು 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ನಿಂತರೆ ಅದನ್ನು ಒಂದು ಘಟನೆಯೆಂದು ಎಣಿಸುತ್ತಾರೆ. ಉಸಿರು ಪೂರ್ತಿ ನಿಲ್ಲದೆ ಕುಗ್ಗಿ, ಆಮ್ಲಜನಕ ಇಳಿದುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ವಯಸ್ಕರಲ್ಲಿ ಗಂಟೆಗೆ 5ಕ್ಕಿಂತ ಕಡಿಮೆಯಿದ್ದರೆ ಸಹಜ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಅಧಿಕ ರಕ್ತದೊತ್ತಡ, ಹೃದಯದ ಲಯದೋಷ, ಪಾರ್ಶ್ವವಾಯುಗಳೊಂದಿಗೆ ಈ ವ್ಯಾಧಿಗೆ ನಂಟಿದೆ.

ಈ ಎಣಿಕೆಯನ್ನು ಮಾಡುವ ಪರೀಕ್ಷೆಯೇ ಪಾಲಿಸೋಮ್ನೋಗ್ರಫಿ. ತಲೆಯ ಮೇಲೆ ಅಳತೆಮಾಡಿ ಗುರುತಿಸಿದ ಸ್ಥಾನಗಳಲ್ಲಿ ಮೆದುಳಿನ ತರಂಗಗಳಿಗಾಗಿ ತಂತಿಗಳು, ಕಣ್ಣುಗಳ ಪಕ್ಕದಲ್ಲಿ, ಗಲ್ಲದಲ್ಲಿ, ಕಾಲುಗಳಲ್ಲಿ ತಂತಿಗಳು, ಎದೆಗೂ ಹೊಟ್ಟೆಗೂ ಪಟ್ಟಿಗಳು, ಮೂಗಿನ ಬಳಿ ನಳಿಕೆ, ಬೆರಳಿಗೆ ಮಾಪಕ, ಜೊತೆಗೆ ಹೃದಯದ ಇ.ಸಿ.ಜಿ. ಮರುದಿನ ಇಡೀ ರಾತ್ರಿಯ ದಾಖಲೆಯನ್ನು 30 ಸೆಕೆಂಡುಗಳ ತುಣುಕುಗಳಾಗಿ ವಿಂಗಡಿಸಿ, ಪ್ರತಿಯೊಂದು ತುಣುಕಿನಲ್ಲೂ ರೋಗಿ ನಿದ್ರೆಯ ಯಾವ ಹಂತದಲ್ಲಿದ್ದನೆಂದು ಗುರುತಿಸಬೇಕು. ಎಂಟು ಗಂಟೆಗೆ 960 ತುಣುಕುಗಳಾಗುತ್ತವೆ. ಯಂತ್ರವು ಗುರುತುಹಾಕಿ ಕೊಡಬಲ್ಲದು. ಆದರೆ ಅದನ್ನು ಮನುಷ್ಯನ ಕಣ್ಣು ಪರಿಶೀಲಿಸದೆ ಬಿಟ್ಟರೆ ನಮ್ಮ ಲಾರಿ ಚಾಲಕರ ವರದಿಯಂಥ ವರದಿ ಹೊರಬೀಳುತ್ತದೆ.

ಇನ್ನು ಮಗಳ ಪ್ರಶ್ನೆ. ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಆಯುರ್ವೇದ ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಚರಕರು ವಿಧಿಸಿದ ಗುಣಗಳೂ ನಾಲ್ಕು: ಉಪಚಾರಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ವೈದ್ಯನ ಗುಣಗಳನ್ನು ಕುರಿತು ಎಲ್ಲರೂ ಮಾತನಾಡುತ್ತಾರೆ. ಪರಿಚಾರಕನ ಗುಣಗಳನ್ನು ಕೇಳುವವರು ವಿರಳ. ನಿದ್ರಾಪರೀಕ್ಷೆಯಲ್ಲಾದರೋ ವೈದ್ಯರು ರಾತ್ರಿ ಅಲ್ಲಿರುವುದೇ ಅಪರೂಪ. ಅವರು ಕಾಣುವುದೆಲ್ಲ ಪರಿಚಾರಕನು ಕಾಣಿಸಿದ್ದನ್ನು ಮಾತ್ರ.

ಶ್ವಾಸಚಿಕಿತ್ಸಕರ ವೃತ್ತಿಯು ಹೆಚ್ಚು ವ್ಯವಸ್ಥಿತವಾಗಿ ಬೆಳೆದಿರುವುದು ಅಮೆರಿಕದಲ್ಲಾದುದರಿಂದ ಅಲ್ಲಿನ ಕ್ರಮವನ್ನು ಮೊದಲು ತಿಳಿಯುವುದು ಉಪಯುಕ್ತ. ಅಲ್ಲಿ ಮಾನ್ಯತೆ ಪಡೆದ ಶಿಕ್ಷಣಕ್ರಮದಲ್ಲಿ ಕನಿಷ್ಠಪಕ್ಷ ಅಸೋಸಿಯೇಟ್ ಪದವಿಯನ್ನು ಪಡೆದು ಎನ್.ಬಿ.ಆರ್.ಸಿ. ಎಂಬ ರಾಷ್ಟ್ರೀಯ ಮಂಡಳಿಯ ಪರೀಕ್ಷೆಗಳನ್ನು ಎದುರಿಸಬೇಕು. ಮೊದಲ ಮಟ್ಟದಲ್ಲಿ ತೇರ್ಗಡೆಯಾದವರು ಸಿ.ಆರ್.ಟಿ., ಮೇಲಿನ ಮಟ್ಟವನ್ನು ಮುಟ್ಟಿದವರು ಆರ್.ಆರ್.ಟಿ. ಎನಿಸಿಕೊಳ್ಳುತ್ತಾರೆ. ಇದರ ಮೇಲೆ ಬಹುತೇಕ ಎಲ್ಲ ರಾಜ್ಯಗಳಲ್ಲಿ ಸರ್ಕಾರದ ಪರವಾನಗಿಯೂ ಬೇಕು. ಆದರೂ ಇಷ್ಟರಿಂದಲೇ ಅವರನ್ನು ನಿದ್ರಾತಜ್ಞರೆಂದು ಯಾರೂ ಒಪ್ಪುವುದಿಲ್ಲ. ಅದೇ ಮಂಡಳಿಯು ನಿದ್ರಾವ್ಯಾಧಿಗಳಿಗಾಗಿ ಎಸ್.ಡಿ.ಎಸ್. ಎಂಬ ಪ್ರತ್ಯೇಕ ಪರೀಕ್ಷೆಯನ್ನು ನಡೆಸುತ್ತದೆ. ನಿದ್ರೆಯ ವಿಶೇಷ ಪಾಠಕ್ರಮವನ್ನು ಮುಗಿಸಿರದ ಆರ್.ಆರ್.ಟಿ.ಯು ಅದಕ್ಕೆ ಕೂರಬೇಕಾದರೆ ವೈದ್ಯರ ಮೇಲ್ವಿಚಾರಣೆಯಲ್ಲಿ 3 ತಿಂಗಳು, ಸಿ.ಆರ್.ಟಿ.ಯು 6 ತಿಂಗಳು ನಿದ್ರಾಕೇಂದ್ರದಲ್ಲಿ ದುಡಿದಿರಬೇಕು. ಇನ್ನೊಂದು ಮಾರ್ಗವು ಆರ್.ಪಿ.ಎಸ್.ಜಿ.ಟಿ. ಎಂಬ ಅರ್ಹತೆ. ಅದನ್ನು ಬೇರೊಂದು ಮಂಡಳಿಯು ಕೊಡುತ್ತದೆ, ಅದು ಶ್ವಾಸಚಿಕಿತ್ಸಕರಲ್ಲದವರಿಗೂ ತೆರೆದಿದೆ. ಅಮೆರಿಕದ ಹೊರಗಿನವರೂ ಆ ಪರೀಕ್ಷೆಯನ್ನು ಬರೆಯುತ್ತಾರೆ, ನಮ್ಮ ದೇಶದಲ್ಲಿಯೂ ಅದನ್ನು ಪಡೆದವರಿದ್ದಾರೆ.

ಈಗಾಗಲೇ ಪದವಿಯುಳ್ಳವರಿಗೆ ಮತ್ತೊಂದು ಪರೀಕ್ಷೆ ಏತಕ್ಕೆ? ಶ್ವಾಸಚಿಕಿತ್ಸಕಿಗೆ ಶ್ವಾಸಮಾರ್ಗ, ಒತ್ತಡ, ಮುಖಕವಚ, ರಕ್ತದ ಅನಿಲಗಳ ವಿಚಾರವೆಲ್ಲ ಕರತಲಾಮಲಕ. ನಿದ್ರೆಯಾದರೋ ಮೆದುಳಿನ ವ್ಯಾಪಾರ. ಮೆದುಳಿನ ತರಂಗವನ್ನು ನೋಡಿ ಕನಸಿನ ನಿದ್ರೆಯನ್ನು ಎಚ್ಚರದಿಂದ ಬೇರ್ಪಡಿಸುವುದು, ಅಪಸ್ಮಾರದ ಸೆಳೆತದ ತರಂಗವನ್ನು ಅನುಮಾನಿಸುವುದು, ಕಾಲಿನ ಚಲನೆಯನ್ನು ಉಸಿರಿನ ಘಟನೆಯೊಂದಿಗೆ ಕಲಸಿಕೊಳ್ಳದಿರುವುದು, ಇವು ತೀವ್ರ ನಿಗಾ ಘಟಕದಲ್ಲಿ ಕಲಿಯುವ ವಿದ್ಯೆಗಳಲ್ಲ. ಇದನ್ನೇ ನಾವು ಆ ಮಗಳಿಗೆ ಹೇಳಿದೆವು: ನಿನ್ನ ಅರ್ಧ ವಿದ್ಯೆ ಇತರರಿಗಿಂತ ಗಟ್ಟಿಯಾಗಿದೆ, ಉಳಿದರ್ಧವನ್ನು ಇನ್ನೂ ಕಲಿಯಬೇಕು.

ಆ ಗಟ್ಟಿಯಾದ ಅರ್ಧವೂ ಸಾಮಾನ್ಯವಾದುದಲ್ಲ. ಒಂದು ನಿದರ್ಶನ ಕೊಡುತ್ತೇವೆ. ರಾತ್ರಿ ಆಮ್ಲಜನಕ ಇಳಿಯಿತೆಂದರೆ ಆಮ್ಲಜನಕವನ್ನು ಹರಿಸಿದರಾಯಿತು ಎಂದು ಯಾರಿಗಾದರೂ ತೋರುತ್ತದೆ. ಹರಿಸಿದರೆ ಮಾಪಕದ ಅಂಕಿ ಮೇಲೇರುತ್ತದೆ ನಿಜ, ಮುಚ್ಚಿದ ಗಂಟಲು ಮಾತ್ರ ಮುಚ್ಚಿಯೇ ಇರುತ್ತದೆ. ದೀರ್ಘಕಾಲದ ಶ್ವಾಸಕೋಶ ವ್ಯಾಧಿಯುಳ್ಳವರಲ್ಲಿ, ಅತಿಸ್ಥೂಲತೆಯಿಂದ ಉಸಿರಾಟವೇ ಮಂದವಾಗಿರುವವರಲ್ಲಿ ಒಳಗೊಳಗೇ ಇಂಗಾಲದ ಡೈಆಕ್ಸೈಡ್ ಏರಿ ರೋಗಿ ಮಂಪರಿಗೆ ಜಾರಬಹುದು. ಶ್ವಾಸಚಿಕಿತ್ಸೆಯನ್ನು ಓದಿದವರು ಇಲ್ಲಿ ಅಂಕಿಯನ್ನು ಕಂಡು ಮೋಸಹೋಗುವುದಿಲ್ಲ. ಸಿಪ್ಯಾಪ್ ಯಂತ್ರದ ವಿಷಯವೂ ಹೀಗೆಯೇ. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಅವರು ಪ್ರಕಟಿಸಿದ ಈ ವಿಧಾನದಲ್ಲಿ ಮೂಗಿನ ಮೂಲಕ ಸತತವಾಗಿ ಗಾಳಿಯ ಒತ್ತಡವನ್ನಿತ್ತು ಗಂಟಲನ್ನು ತೆರೆದಿಡುತ್ತಾರೆ. ಒತ್ತಡವನ್ನು ಸಾಮಾನ್ಯವಾಗಿ 4 ಸೆಂಟಿಮೀಟರ್ ನೀರಿನ ಮಟ್ಟದಿಂದ ಪ್ರಾರಂಭಿಸಿ, ಕನಿಷ್ಠ 5 ನಿಮಿಷಗಳ ಅಂತರವಿಟ್ಟು, ಘಟನೆಗಳು ಅಡಗುವವರೆಗೆ ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಅವಸರದಿಂದ ಏರಿಸಿದರೆ ಕೆಲವರಲ್ಲಿ ಗಂಟಲು ತೆರೆದಿದ್ದರೂ ಮೆದುಳೇ ಉಸಿರಿನ ಆಜ್ಞೆಯನ್ನು ಕಳುಹಿಸದ ಸ್ಥಿತಿ ತಲೆದೋರುತ್ತದೆ. ಆಗ ಎದೆ, ಹೊಟ್ಟೆಗಳ ಪಟ್ಟಿಗಳು ನಿಶ್ಚಲವಾಗುತ್ತವೆ. ಅದನ್ನು ಗುರುತಿಸಿ ವೈದ್ಯರಿಗೆ ತಿಳಿಸಬೇಕೇ ಹೊರತು ಒತ್ತಡವನ್ನು ಇನ್ನೂ ಏರಿಸುತ್ತ ಹೋಗಬಾರದು.

ನಮ್ಮ ದೇಶದಲ್ಲಿ ಬಹುಕಾಲ ಈ ವೃತ್ತಿಗಳಿಗೆ ಕಾನೂನಿನ ಚೌಕಟ್ಟೇ ಇರಲಿಲ್ಲ. ತಂತಿ ಅಂಟಿಸಲು ಕಲಿತವನೇ ಟೆಕ್ನಿಷಿಯನ್ ಎನಿಸಿಕೊಳ್ಳುತ್ತಿದ್ದನು. 2021ರಲ್ಲಿ ಸಂಸತ್ತು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ಅದರ ಅನುಸೂಚಿಯಲ್ಲಿ ರೆಸ್ಪಿರೇಟರಿ ಟೆಕ್ನಾಲಜಿಸ್ಟ್ ಒಂದು ವೃತ್ತಿ. ಸ್ಲೀಪ್ ಲ್ಯಾಬ್ ಟೆಕ್ನಾಲಜಿಸ್ಟ್ ಎಂಬುದನ್ನು ಬೇರೆಯಾಗಿ, ಮೆದುಳಿನ ತರಂಗ ಪರೀಕ್ಷೆಯ ತಂತ್ರಜ್ಞರೊಂದಿಗೆ ಸೇರಿಸಲಾಗಿದೆ. ಎರಡೂ ಒಂದೇ ಅಲ್ಲವೆಂಬುದನ್ನು ನಮ್ಮ ಕಾನೂನೂ ಒಪ್ಪಿದಂತಾಯಿತು. ಸಹಾಯಕ ವೃತ್ತಿಪರರಿಗೆ ಕನಿಷ್ಠ 2,000 ಗಂಟೆಗಳ, ಪೂರ್ಣ ವೃತ್ತಿಪರರಿಗೆ ಕನಿಷ್ಠ 3,600 ಗಂಟೆಗಳ ಶಿಕ್ಷಣವನ್ನು ಈ ಕಾಯ್ದೆ ವಿಧಿಸುತ್ತದೆ. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳಲ್ಲಿಯೂ ಮಣಿಪಾಲದಲ್ಲಿಯೂ ಶ್ವಾಸಚಿಕಿತ್ಸೆಯ ಪದವಿ ಶಿಕ್ಷಣವಿದೆ. ಪಿ.ಯು.ಸಿ. ವಿಜ್ಞಾನ ಮುಗಿಸಿ, ವೈದ್ಯಕೀಯ ಸೀಟು ದೊರೆಯಲಿಲ್ಲವೆಂದು ಮಂಕಾಗಿ ಕುಳಿತ ಮಕ್ಕಳ ಪಾಲಕರು ಇದನ್ನು ಗಮನಿಸಬೇಕು.

ಸಂಯೋಜಕಿಯ ಹೊಣೆ ತಂತ್ರಜ್ಞರ ಹೊಣೆಗಿಂತ ದೊಡ್ಡದು. ರಾತ್ರಿ ಪಾಳಿಯಲ್ಲಿ ಒಬ್ಬ ತಂತ್ರಜ್ಞರಿಗೆ ಸಾಮಾನ್ಯವಾಗಿ ಇಬ್ಬರಿಗಿಂತ ಹೆಚ್ಚು ರೋಗಿಗಳನ್ನು ಒಪ್ಪಿಸಬಾರದೆಂಬ ಅಮೆರಿಕದ ನಿಯಮ ವಿವೇಕದ್ದು. ಲಾಭದಾಸೆಗೆ ನಾಲ್ವರನ್ನು ಒಪ್ಪಿಸುವ ಆಡಳಿತಕ್ಕೆ 'ಆಗದು' ಎನ್ನುವ ಧೈರ್ಯವೂ ಒಂದು ಅರ್ಹತೆಯೇ ಎಂದು ನಾವು ತಿಳಿಯುತ್ತೇವೆ. ಒಂದೇ ದಾಖಲೆಯನ್ನು ಇಬ್ಬರು ಬೇರೆಬೇರೆಯಾಗಿ ಗುರುತಿಸಿದಾಗ ಉತ್ತರಗಳು ಎಷ್ಟು ಹೊಂದುತ್ತವೆಂದು ಆಕೆ ನಿಯತವಾಗಿ ಪರಿಶೀಲಿಸಬೇಕು. ರಾತ್ರಿ ಹೃದಯದ ಲಯ ತಪ್ಪಿದರೆ ಯಾರನ್ನು ಕರೆಯಬೇಕೆಂಬುದು ಬರಹದಲ್ಲಿರಬೇಕು, ಪಾಳಿಯಲ್ಲಿರುವ ಪ್ರತಿಯೊಬ್ಬರಿಗೂ ಹೃದಯ ಪುನಶ್ಚೇತನದ ತರಬೇತಿ ಆಗಿರಬೇಕು. ಮುಖಕವಚ, ನಳಿಕೆಗಳನ್ನು ತೊಳೆದು ಶುದ್ಧೀಕರಿಸುವುದು ಚರಕರ ಶುಚಿತ್ವಕ್ಕೆ ಸೇರಿದ್ದು, ಹೆಚ್ಚು ಹೇಳಬೇಕಿಲ್ಲ.

ಅನುರಾಗದ ಬಗೆಗೆ ಮಾತ್ರ ಒಂದು ಮಾತು. ಎದೆಗೆ ಪಟ್ಟಿ ಬಿಗಿಯುವಾಗ ತಂತ್ರಜ್ಞರು ನಮ್ಮ ಭಕ್ತರಿಗೆ ಶಿವದಾರ, ಕರಡಿಗೆಗಳನ್ನು ತೆಗೆದಿಡಲು ಹೇಳಿದ ಪ್ರಸಂಗಗಳನ್ನು ಕೇಳಿದ್ದೇವೆ. ಕೆಲವರು ಪರೀಕ್ಷೆಯನ್ನೇ ಬಿಟ್ಟು ಎದ್ದುಬಂದಿದ್ದಾರೆ. ಇಷ್ಟಲಿಂಗವನ್ನು ಅಂಗದಿಂದ ಅಗಲಿಸಬೇಕಾಗಿಲ್ಲ. ಕರಡಿಗೆಯನ್ನು ಪಟ್ಟಿಯಿಂದ ತುಸು ಆಚೆ ಸರಿಸಿಕೊಂಡರೆ ಸಾಕು. ಇದನ್ನು ಮೆಲುದನಿಯಲ್ಲಿ ಕೇಳಿ ಸರಿಪಡಿಸುವವರು ಒಳ್ಳೆಯ ಪರಿಚಾರಕರು. ಹಾಗೆಯೇ ಹಣೆಯ ಮೇಲೆ ತಂತಿ ನಿಲ್ಲಬೇಕಾದುದರಿಂದ ಆ ರಾತ್ರಿ ವಿಭೂತಿಯನ್ನು ಒರೆಸಬೇಕಾಗುತ್ತದೆ. ಭಕ್ತರು ಇದಕ್ಕೆ ಬೇಸರಿಸಬಾರದು, ಬೆಳಗ್ಗೆ ಸ್ನಾನವಾದ ಮೇಲೆ ಮತ್ತೆ ಧರಿಸಬಹುದು.

ಪರೀಕ್ಷೆಗೆ ಹೋಗುವವರು ಸಂಕೋಚಪಡದೆ ಕೆಲವು ಸಂಗತಿಗಳನ್ನು ವಿಚಾರಿಸಬೇಕು. ರಾತ್ರಿಯೆಲ್ಲ ಎಚ್ಚರವಿದ್ದು ನೋಡುವವರು ಯಾರು, ಅವರು ಎಲ್ಲಿ ಏನನ್ನು ಕಲಿತವರು, ವರದಿಯನ್ನು ಯಂತ್ರವೇ ಬರೆಯುತ್ತದೆಯೇ ಅಥವಾ ವೈದ್ಯರು ಮೂಲ ದಾಖಲೆಯನ್ನು ನೋಡಿ ಸಹಿ ಮಾಡುತ್ತಾರೆಯೇ, ಎಷ್ಟು ಗಂಟೆಗಳ ದಾಖಲೆ ದೊರೆಯಿತು. ವರದಿ ಸಹಜವೆಂದು ಬಂದರೂ ತೂಕಡಿಕೆ ನಿಲ್ಲದಿದ್ದರೆ ಮರುಪರೀಕ್ಷೆಯನ್ನು ಕೇಳಬೇಕು, ಅಲ್ಲಿಯವರೆಗೆ ವಾಹನ ನಡೆಸಬಾರದು. ತೂಕವನ್ನಿಳಿಸಲು, ಮದ್ಯವನ್ನು ಬಿಡಿಸಲು, ದಿನಚರಿಯನ್ನು ತಿದ್ದಲು ಆಯುರ್ವೇದದಲ್ಲಿ ಸಮರ್ಥ ಉಪಾಯಗಳಿವೆ, ಅವನ್ನು ಅವಶ್ಯವಾಗಿ ಅನುಸರಿಸೋಣ. ಆದರೆ ಅಂದಂದಿನ ರಾತ್ರಿ ಮುಚ್ಚುವ ಗಂಟಲನ್ನು ತೆರೆದಿಡುವ ಕಷಾಯ ನಮ್ಮ ಬಳಿ ಇಲ್ಲ. ಇದ್ದಂತೆ ಹೇಳುವ ವೈದ್ಯರನ್ನು ನಂಬಬೇಡಿ.

ಆ ಮಗಳು ಕೆಲಸವನ್ನು ಒಪ್ಪಿಕೊಂಡಳು. ಅದಕ್ಕೆ ಮೊದಲು ದೊಡ್ಡ ನಿದ್ರಾಕೇಂದ್ರವೊಂದರಲ್ಲಿ ಆರು ತಿಂಗಳ ತರಬೇತಿಯನ್ನು ಆಡಳಿತದಿಂದ ಕೇಳಿ ಪಡೆದಳು. ಹೋದ ತಿಂಗಳು ತನ್ನ ರೋಗಿಗಳಿಗೆ ಕೊಡುವ ಸೂಚನಾಪತ್ರವನ್ನು ನಮಗೆ ಕಳುಹಿಸಿದ್ದಳು: ಪರೀಕ್ಷೆಯ ದಿನ ಮಧ್ಯಾಹ್ನದ ಮೇಲೆ ಚಹಾ, ಕಾಫಿ ಬೇಡ, ಹಗಲು ಮಲಗಬೇಡಿ, ನಿತ್ಯದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ, ತಲೆಸ್ನಾನ ಮಾಡಿ ಬನ್ನಿ, ಕೂದಲಿಗೆ ಎಣ್ಣೆ ಹಚ್ಚಬೇಡಿ, ತಂತಿ ನಿಲ್ಲುವುದಿಲ್ಲ. ಕೊನೆಯ ಸಾಲಿನ ಕೆಳಗೆ ಕೈಬರಹದಲ್ಲಿ, "ಇದನ್ನು ದಯವಿಟ್ಟು ನೀವೂ ನಿಮ್ಮ ರೋಗಿಗಳಿಗೆ ಹೇಳಿ ಸರ್, ನೀವು ಹಚ್ಚಲು ಹೇಳಿದ ಎಣ್ಣೆಯನ್ನೇ ಹಚ್ಚಿಕೊಂಡು ಬರುತ್ತಾರೆ" ಎಂದು ಬರೆದಿದ್ದಳು.