ಕಾಫಿಯ ಜೊತೆಗೊಂದು ‘ಮೃದು’ ಸಿಗಾರ್

ಸರ್ಕಾರಿ ಸೇವೆಯಿಂದ ನಿವೃತ್ತನಾದವನಿಗೆ ಬೆಳಗಿನ ಹೊತ್ತು ಇದ್ದಕ್ಕಿದ್ದಂತೆ ದೀರ್ಘವಾಗಿಬಿಡುತ್ತದೆ. ಕಡತಗಳಿಲ್ಲ, ಸಭೆಗಳಿಲ್ಲ, ಬಾಗಿಲ ಹೊರಗೆ ಅರ್ಜಿ ಹಿಡಿದು ಕಾದು ನಿಂತವರಿಲ್ಲ. ಆ ಬಿಡುವನ್ನು ತುಂಬಿಕೊಳ್ಳಲು ಒಬ್ಬೊಬ್ಬರು ಒಂದೊಂದು ಹಾದಿ ಹಿಡಿಯುತ್ತಾರೆ. ಕೆಲವರು ಲಾಲ್‌ಬಾಗಿನಲ್ಲಿ ನಡೆಯುತ್ತಾರೆ. ಕೆಲವರು ವಿಷ್ಣುಸಹಸ್ರನಾಮಕ್ಕೆ ಮೊರೆಹೋಗುತ್ತಾರೆ. ಇನ್ನು ಕೆಲವರು ಸಂಪಾದಕರಿಗೆ ಪತ್ರ ಬರೆಯುತ್ತಾರೆ. ನಾನು ಹಿಡಿದದ್ದು ಸಿಗಾರ್. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಆದರೆ ಅದು ಕೊಟ್ಟ ಸುಖವನ್ನು ಮರೆಮಾಚಿ ಉಪದೇಶ ಮಾಡುವುದೂ ಪ್ರಾಮಾಣಿಕತೆ ಅಲ್ಲ.

ಸುಮಾರು ಹತ್ತು ವರ್ಷಗಳ ಹಿಂದೆ ಅಮೆರಿಕದಿಂದ ರಜೆಗೆ ಬಂದ ಅಳಿಯ ಒಂದು ಮರದ ಪೆಟ್ಟಿಗೆಯನ್ನು ಕೈಗಿತ್ತ. ‘ಇದು ಮೈಲ್ಡ್ ಮಾವ, ಬೆಳಗಿನ ಕಾಫಿಯ ಜೊತೆಗೆ ಸೇದುವಂಥದ್ದು’ ಎಂದ. ಡೊಮಿನಿಕನ್ ಗಣರಾಜ್ಯದಲ್ಲಿ ಸುತ್ತಿದ, ಜೇನಿನ ಬಣ್ಣದ ಹೊರಎಲೆಯ ಸಿಗಾರುಗಳು. ಮರುದಿನ ಭಾನುವಾರ. ಫಿಲ್ಟರಿನಿಂದ ಇಳಿದ ಮೊದಲ ಡಿಕಾಕ್ಷನ್ನಿಗೆ ಕಾಯಿಸಿದ ಗಟ್ಟಿ ಹಾಲು ಬೆರೆಸಿ ನನ್ನಾಕೆ ಲೋಟ ತಂದಿಟ್ಟಳು. ಬಾಲ್ಕನಿಯಲ್ಲಿ ಕುಳಿತು ಒಂದು ಗುಟುಕು ಕಾಫಿ, ಒಂದು ಸಲ ಹೊಗೆ. ಬೀಡಿಯ ಘಾಟಿಲ್ಲ, ಸಿಗರೇಟಿನ ಅವಸರವಿಲ್ಲ. ಹೊಗೆಯನ್ನು ಎದೆಗೆ ಎಳೆಯುವಂತಿಲ್ಲ. ಬಾಯಿಯಲ್ಲಿ ಕ್ಷಣಕಾಲ ಇಟ್ಟುಕೊಂಡು ಬಿಟ್ಟುಬಿಡಬೇಕು. ಆಗ ನಾಲಿಗೆಯ ಮೇಲೆ ಉಳಿಯುವುದು ಕೆನೆಯಂಥ ನುಣುಪು, ಹುರಿದ ಗೋಡಂಬಿಯ ಪರಿಮಳ, ತುಸು ಸಿಹಿ. ಕಾಫಿಯ ಕಹಿ ಅದನ್ನು ತೊಳೆಯುತ್ತದೆ, ಹಾಲಿನ ಕೊಬ್ಬು ಮತ್ತೆ ಅದನ್ನು ಬರಮಾಡಿಕೊಳ್ಳುತ್ತದೆ. ಮುಕ್ಕಾಲು ಗಂಟೆ ಹೇಗೆ ಕಳೆಯಿತೆಂದು ತಿಳಿಯಲಿಲ್ಲ.

ಈ ಮೃದುತ್ವ ತಾನಾಗಿ ಒದಗುವುದಲ್ಲ. ಸಿಗಾರಿನಲ್ಲಿ ಮೂರು ಭಾಗಗಳಿವೆ: ಒಳಗೆ ತುಂಬುವ ಎಲೆ, ಅದನ್ನು ಬಿಗಿಯುವ ಎಲೆ, ಎಲ್ಲದರ ಮೇಲೆ ಹೊದಿಸುವ ಎಲೆ. ಗಿಡದ ತುದಿಯ ಎಲೆಗಳು ಬಿಸಿಲನ್ನು ಹೆಚ್ಚು ಉಂಡು ಖಾರವಾಗುತ್ತವೆ. ಬುಡದ ಎಲೆಗಳು ಸೌಮ್ಯ. ಮೃದು ಸಿಗಾರಿಗೆ ಹೊದಿಸುವ ಪ್ರಸಿದ್ಧ ಎಲೆಗೆ ಕನೆಕ್ಟಿಕಟ್ ಶೇಡ್ ಎಂದು ಹೆಸರು. ಅಮೆರಿಕದ ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ 1900ರ ಸುಮಾರಿಗೆ ಬೆಳೆಗಾರರು ಸುಮಾತ್ರಾದ ತೆಳು ಎಲೆಯ ಪೈಪೋಟಿಯನ್ನು ಎದುರಿಸಲು ಹೊಲಗಳ ಮೇಲೆಯೇ ಬಟ್ಟೆಯ ಚಪ್ಪರ ಕಟ್ಟಿದರು. ನೆರಳಿನಲ್ಲಿ ಬೆಳೆದ ಎಲೆ ತೆಳುವಾಯಿತು, ನಯವಾಯಿತು. ನಮ್ಮ ಚಿಕ್ಕಮಗಳೂರು–ಕೊಡಗಿನ ಕಾಫಿಯೂ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳಿನಲ್ಲಿ ನಿಧಾನವಾಗಿ ಮಾಗುವ ಬೆಳೆ. ನೆರಳೇ ಹದವನ್ನು ಕೊಡುತ್ತದೆಂಬ ಅರಿವು ಎರಡು ಖಂಡಗಳ ಕೃಷಿಕರಿಗೂ ಇತ್ತು.

ಕಿತ್ತ ಎಲೆಯನ್ನು ಗಾಳಿಯಲ್ಲಿ ಒಣಗಿಸಿ ರಾಶಿ ಹಾಕುತ್ತಾರೆ. ರಾಶಿ ತಾನಾಗಿಯೇ ಬಿಸಿಯೇರುತ್ತದೆ, ಅಮೋನಿಯಾ ಹೊರಬೀಳುತ್ತದೆ, ತಿಂಗಳುಗಟ್ಟಲೆ ಅದನ್ನು ತಿರುವಿ ಹಾಕುತ್ತಲೇ ಇರಬೇಕು. ಬಳಿಕ ಸುತ್ತುವ ಕೈಗಳ ಸರದಿ. ಕ್ಯೂಬಾದ ಕಾರ್ಖಾನೆಗಳಲ್ಲಿ ಈ ಕೆಲಸಗಾರರಿಗೆ ಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ಹೇಳುವ ವಾಚಕರನ್ನು ಇಟ್ಟುಕೊಳ್ಳುವ ಪದ್ಧತಿ 1865ರಲ್ಲಿ ಆರಂಭವಾಯಿತು. ‘ಮಾಂಟೆಕ್ರಿಸ್ಟೊ’ ಎಂಬ ಸಿಗಾರಿಗೆ ಹೆಸರು ಕೊಟ್ಟದ್ದು ಹಾಗೆ ಕೇಳಿ ಮೆಚ್ಚಿದ ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿ. ಇಷ್ಟು ಶ್ರಮ, ಇಷ್ಟು ಸಂಸ್ಕಾರ ಬೆರೆತ ವಸ್ತುವನ್ನು ತಿರಸ್ಕಾರದಿಂದ ನೋಡಲು ನನಗೆ ಇಂದಿಗೂ ಆಗದು.

ಇದು ಪೂರ್ಣ ಪರದೇಶದ ವಿಷಯವೂ ಅಲ್ಲ. ಇಂಗ್ಲಿಷಿನ ‘ಶರೂಟ್’ ಎಂಬ ಪದ ತಮಿಳಿನ ‘ಸುರುಟ್ಟು’ ಎಂಬುದರಿಂದ ಹೋದದ್ದು. ನಮ್ಮ ‘ಸುರುಳಿ’ ಅದರ ನೆಂಟ. ತಿರುಚಿನಾಪಳ್ಳಿಯ ಸುರುಟ್ಟು ಲಂಡನ್ನಿನವರೆಗೆ ಹೋಗಿ, 1887ರಲ್ಲಿ ಪ್ರಕಟವಾದ ಷರ್ಲಾಕ್ ಹೋಮ್ಸನ ಮೊದಲ ಕಥೆಯಲ್ಲಿ ಅದರ ಬೂದಿಯೇ ಅಪರಾಧಿಯ ಸುಳಿವಾಯಿತು.

ತಂಬಾಕಿನ ಪರಿಚಯ ನನಗೆ ಸಿಗಾರಿಗಿಂತ ಬಹಳ ಮೊದಲೇ ಆಗಿತ್ತು. ಯುವ ಅಧಿಕಾರಿಯಾಗಿ ನಾನು ಹುಣಸೂರು ಉಪವಿಭಾಗದಲ್ಲಿ ಕೆಲಸ ಮಾಡಿದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪು ಸಿಗಾರಿನದಲ್ಲ, ಸಿಗರೇಟಿನದು. ಅದನ್ನು ಗಾಳಿಯಲ್ಲಿ ಒಣಗಿಸುವುದಿಲ್ಲ. ಬ್ಯಾರನ್ ಎಂಬ ಎತ್ತರದ ಕೋಣೆಯಲ್ಲಿ ಐದಾರು ದಿನ ಶಾಖ ಕೊಟ್ಟು ಹದಗೊಳಿಸುತ್ತಾರೆ. ಮಳೆಗಾಲದ ರಾತ್ರಿಗಳಲ್ಲಿ ಜೀಪಿನಲ್ಲಿ ಹಾದುಹೋಗುವಾಗ ಹಳ್ಳಿಗೆ ಹಳ್ಳಿಯೇ ಬೆಲ್ಲ ಕಾಯಿಸಿದಂತೆ ಘಮಘಮಿಸುತ್ತಿತ್ತು. ಆ ಘಮಲಿನ ಹಿಂದೆ ಎಷ್ಟು ಗಾಡಿ ಸೌದೆ ಉರಿಯಿತೆಂಬುದನ್ನೂ, ಮಳೆಯಲ್ಲಿ ತೊಯ್ದ ಎಲೆ ಕೀಳುವವರಿಗೆ ಚರ್ಮದ ಮೂಲಕವೇ ನಿಕೋಟಿನ್ ಇಳಿದು ತಲೆಸುತ್ತು, ವಾಂತಿ ಬರುವುದನ್ನೂ ನಾನು ಬಲ್ಲೆ. ಅದೇ ಹೊಗೆಸೊಪ್ಪಿನ ಹಣದಿಂದ ಹಂಚಿನ ಮನೆ ಕಟ್ಟಿದವರನ್ನೂ, ಮಕ್ಕಳನ್ನು ಮೈಸೂರಿನ ಕಾಲೇಜುಗಳಿಗೆ ಕಳುಹಿಸಿದವರನ್ನೂ ಬಲ್ಲೆ. ಹೀಗಾಗಿ ‘ಈ ಬೆಳೆಯನ್ನು ನಾಳೆಯೇ ನಿಲ್ಲಿಸಿ’ ಎಂದು ಬೆಂಗಳೂರಿನಲ್ಲಿ ಕುಳಿತು ಹೇಳುವವರ ಮಾತು ನನಗೆ ಎಂದೂ ರುಚಿಸಿದ್ದಿಲ್ಲ.

ನನ್ನ ಭಾನುವಾರದ ಸಿಗಾರ್ ಹಲವು ವರ್ಷ ಭಾನುವಾರದ್ದಾಗಿಯೇ ಉಳಿಯಿತು. ನಿವೃತ್ತಿಯ ಮರುತಿಂಗಳು ಗುರುವಾರವೂ ಸೇರಿಕೊಂಡಿತು. ವರ್ಷ ತುಂಬುವಷ್ಟರಲ್ಲಿ ದಿನಕ್ಕೊಂದಾಯಿತು. ಅರ್ಥಶಾಸ್ತ್ರ ಓದಿದವನಿಗೆ ಇಲ್ಲಿ ಎರಡು ಪಾಠಗಳು ನೆನಪಾಗಬೇಕಿತ್ತು. ಒಂದು, ಎಂ.ಎ. ತರಗತಿಗೂ ಮೊದಲೇ ಕಲಿಸುವ ಇಳಿಮುಖ ಸೀಮಾಂತ ತುಷ್ಟಿಗುಣ: ವಾರದ ಏಳನೆಯ ಸಿಗಾರ್ ಮೊದಲನೆಯದರಷ್ಟು ಸುಖ ಕೊಡದು. ಇನ್ನೊಂದು, 1988ರಲ್ಲಿ ಗ್ಯಾರಿ ಬೆಕರ್ ಮತ್ತು ಕೆವಿನ್ ಮರ್ಫಿ ಚಟದ ಬಗ್ಗೆ ಮಂಡಿಸಿದ ವಾದ: ನಿನ್ನೆಯ ಸೇವನೆ ಇಂದಿನ ಬಯಕೆಯನ್ನು ಹೆಚ್ಚಿಸುತ್ತದೆ. ಎರಡನ್ನೂ ಕೂಡಿಸಿ ನೋಡಿದರೆ ನನ್ನ ಸ್ಥಿತಿ ಸ್ಪಷ್ಟವಾಗುತ್ತಿತ್ತು. ಸುಖ ಇಳಿಯುತ್ತಿತ್ತು, ಅಗತ್ಯ ಏರುತ್ತಿತ್ತು. ಭಾನುವಾರದ ಬೆಳಗನ್ನು ವಿಶೇಷವಾಗಿಸಿದ್ದ ವಸ್ತುವೇ ಅದನ್ನು ಉಳಿದ ಆರು ದಿನಗಳ ಸಾಲಿಗೆ ಸೇರಿಸಿಬಿಟ್ಟಿತ್ತು. ಆದರೆ ಬೇರೆಯವರ ಬೇಡಿಕೆಯ ರೇಖೆಯನ್ನು ಬರೆದಷ್ಟು ಸುಲಭವಾಗಿ ತನ್ನದನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಕಳೆದ ವರ್ಷ ಹಲ್ಲುನೋವಿಗೆಂದು ದಂತವೈದ್ಯೆಯ ಬಳಿ ಹೋದೆ. ನನ್ನ ಮಗಳ ವಯಸ್ಸಿನವರು. ಹಲ್ಲನ್ನು ನೋಡಿ ಮುಗಿಸಿದವರು ದೀಪವನ್ನು ಮತ್ತೆ ಹತ್ತಿರಕ್ಕೆಳೆದು ಎಡಗೆನ್ನೆಯ ಒಳಭಾಗವನ್ನು ಬಹಳ ಹೊತ್ತು ನೋಡಿದರು. ‘ಇಲ್ಲೊಂದು ಬಿಳಿ ಮಚ್ಚೆ ಇದೆ ಸರ್. ತಂಬಾಕು ಅಭ್ಯಾಸವಿದೆಯಾ?’ ಎಂದು ಕೇಳಿದರು. ‘ದಿನಕ್ಕೊಂದು ಸಿಗಾರ್ ಅಷ್ಟೇ. ಅದೂ ಮೈಲ್ಡ್. ಹೊಗೆಯನ್ನು ಒಳಗೆ ಎಳೆಯುವುದೂ ಇಲ್ಲ’ ಎಂದೆ. ಆಕೆ ಕೈಗವಸು ಬಿಚ್ಚುತ್ತಾ ಹೇಳಿದರು: ‘ಮೈಲ್ಡ್ ಅನ್ನೋದು ನಿಮ್ಮ ನಾಲಿಗೆಗೆ ಸರ್, ಕೆನ್ನೆಗಲ್ಲ.’

ಒಂದು ಚೂರು ಮಾಂಸವನ್ನು ಪರೀಕ್ಷೆಗೆ ಕಳುಹಿಸಿದರು. ವರದಿ ಬರಲು ಹತ್ತು ದಿನ ಬೇಕಾಯಿತು. ಆ ಹತ್ತು ದಿನ ಮನೆಯಲ್ಲಿ ಯಾರೂ ಆ ವಿಷಯವನ್ನು ಎತ್ತಲಿಲ್ಲ. ನಾನು ಹಳೆಯ ಅಭ್ಯಾಸದಂತೆ ಓದತೊಡಗಿದೆ. ಸಿಗರೇಟಿನ ಹೊಗೆ ತುಸು ಆಮ್ಲೀಯ. ಅದರ ನಿಕೋಟಿನ್ ದೇಹ ಸೇರಲು ಶ್ವಾಸಕೋಶದವರೆಗೆ ಹೋಗಬೇಕು. ಗಾಳಿಯಲ್ಲಿ ಒಣಗಿಸಿ ಹದಗೊಳಿಸಿದ ಸಿಗಾರಿನ ಹೊಗೆ ಕ್ಷಾರೀಯ. ಅದರ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕಿಳಿಯುತ್ತದೆ. ನಾನು ಜಾಣತನವೆಂದು ತಿಳಿದದ್ದು, ಅಂದರೆ ಹೊಗೆಯನ್ನು ಎಳೆಯದೆ ಬಾಯಿಯಲ್ಲೇ ಇಟ್ಟುಕೊಳ್ಳುವುದು, ಬಾಯಿಯನ್ನೇ ಕಣವಾಗಿಸಿತ್ತು. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಲ್ಲದು. ಹೊಗೆಯನ್ನು ಒಳಗೆಳೆಯದವರಲ್ಲೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಅಪಾಯ ಹೆಚ್ಚೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ಸಿಗಾರಿಗೆಂದೇ ಮೀಸಲಾದ ವರದಿಯಲ್ಲಿ ಹೇಳಿತ್ತು.

ಹೆಚ್ಚು ಚುಚ್ಚಿದ್ದು ಮತ್ತೊಂದು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು. ಅದರ 11ನೆಯ ವಿಧಿ, ಜನರನ್ನು ತಪ್ಪುದಾರಿಗೆಳೆಯಬಲ್ಲ ಪದಗಳಿಗೆ ಉದಾಹರಣೆ ಕೊಡುವಾಗ ‘ಲೈಟ್’ ಜೊತೆಗೆ ‘ಮೈಲ್ಡ್’ ಎಂಬ ಪದವನ್ನು ಹೆಸರಿಸಿಯೇ ಹೇಳುತ್ತದೆ. ಸೇವೆಯಲ್ಲಿದ್ದಾಗ ಈ ಒಪ್ಪಂದವನ್ನು ಓದಿ ಟಿಪ್ಪಣಿ ಬರೆದವರಲ್ಲಿ ನಾನೂ ಒಬ್ಬ. ಕಡತದಲ್ಲಿ ನನಗೆ ಅರ್ಥವಾಗಿದ್ದ ಪದ ನನ್ನದೇ ಬಾಲ್ಕನಿಯಲ್ಲಿ ಅರ್ಥವಾಗಲಿಲ್ಲ. ಬೀಡಿ ಸೇದುವ ಕೂಲಿಕಾರನಿಗೆ ಮಾಹಿತಿಯ ಕೊರತೆ ಎಂದು ಬರೆದವನಿಗೆ ಮಾಹಿತಿಯ ಕೊರತೆ ಇರಲಿಲ್ಲ. ರುಚಿಯ ಪದವೊಂದನ್ನು ಆರೋಗ್ಯದ ಪದವೆಂದು ನಂಬುವ ಅನುಕೂಲ ಇತ್ತು. ವಿದ್ಯಾವಂತರ ಮೋಸಹೋಗುವಿಕೆ ಬಹುಮಟ್ಟಿಗೆ ಈ ಬಗೆಯದು.

ವರದಿ ಬಂತು. ಕ್ಯಾನ್ಸರ್ ಅಲ್ಲ, ಆದರೆ ಮುಂದೆ ಆಗಬಹುದಾದ ಮಾರ್ಪಾಡು, ತಂಬಾಕು ನಿಲ್ಲಿಸಿ ಕಾದು ನೋಡಬೇಕು ಎಂದರು. ಅಂದು ಸಂಜೆ ನನ್ನಾಕೆ ಮೊದಲ ಬಾರಿಗೆ ಮಾತೆತ್ತಿದಳು. ‘ನೋಡಿ, ನೀವು ಸೇದಿದ್ದು ಹೊರಗೆ. ಹೊಗೆ ಬರ್ತಿದ್ದದ್ದು ಅಡುಗೆಮನೆ ಕಿಟಕಿಗೆ. ನಿಮ್ಮ ಬೆಳಗಿನ ಸುಖ ಹಾಳುಮಾಡೋದು ಬೇಡ ಅಂತ ಸುಮ್ಮನಿದ್ದೆ.’ 2008ರ ಅಕ್ಟೋಬರ್ 2ರಿಂದ ದೇಶದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧ. ಆ ಕಾನೂನನ್ನು ಮನಸಾರೆ ಸ್ವಾಗತಿಸಿದವನು ನಾನು. ಆದರೆ ಮನೆಯ ಬಾಲ್ಕನಿ ಸಾರ್ವಜನಿಕ ಸ್ಥಳವಲ್ಲ. ಒಬ್ಬನ ಸುಖದ ವೆಚ್ಚವನ್ನು ಮತ್ತೊಬ್ಬರು ಭರಿಸುವುದನ್ನು ಅರ್ಥಶಾಸ್ತ್ರ ‘ಬಾಹ್ಯ ವೆಚ್ಚ’ ಎನ್ನುತ್ತದೆ. ಮೂವತ್ತೈದು ವರ್ಷಗಳ ದಾಂಪತ್ಯದಲ್ಲಿ ಅದಕ್ಕೆ ಬಾಹ್ಯ ಎಂಬ ವಿಶೇಷಣ ಹೊಂದುವುದಿಲ್ಲ.

ಸಿಗಾರ್ ನಿಂತಿತು. ಆರು ತಿಂಗಳ ಬಳಿಕ ನೋಡಿದಾಗ ಮಚ್ಚೆ ಬಹುಮಟ್ಟಿಗೆ ಮಾಸಿತ್ತು, ತಪಾಸಣೆ ಮುಂದುವರಿದಿದೆ. ಉಳಿದದ್ದು ಪೆಟ್ಟಿಗೆಯಲ್ಲಿದ್ದ ಏಳು ಸಿಗಾರುಗಳು. ಉಡುಪಿ ಕಡೆಯ ಗೆಳೆಯರೊಬ್ಬರು ‘ಬಿಸಾಡಬೇಡಿ ಮಾರಾಯ್ರೆ, ನನಗೆ ಕೊಡಿ’ ಎಂದರು. ನನ್ನ ಕೆನ್ನೆಗೆ ಬೇಡವಾದದ್ದನ್ನು ಅವರ ಕೆನ್ನೆಗೆ ದಾನ ಮಾಡಲು ಮನಸ್ಸಾಗಲಿಲ್ಲ. ಎಸೆಯಲೂ ಕೈ ಬರಲಿಲ್ಲ. ಅಷ್ಟು ಕೈಗಳ ಶ್ರಮ ಅದರಲ್ಲಿತ್ತು. ಕೊನೆಗೆ ದಾರಿ ತೋರಿಸಿದ್ದು ಹುಣಸೂರಿನ ದಿನಗಳು. ಅಲ್ಲಿನ ರೈತರು ಗಿಡದ ಹೇನಿಗೆ ಹೊಗೆಸೊಪ್ಪಿನ ಕಷಾಯ ಸಿಂಪಡಿಸುತ್ತಿದ್ದರು. ನಿಕೋಟಿನ್ ಇರುವುದೇ ಅದಕ್ಕೆ. ತನ್ನನ್ನು ತಿನ್ನಲು ಬರುವ ಕೀಟಗಳನ್ನು ಕೊಲ್ಲಲೆಂದು ಗಿಡ ಮಾಡಿಕೊಂಡ ವಿಷ ಅದು. ಕಾಫಿಯ ಕೆಫೀನೂ ಹುಟ್ಟಿನಲ್ಲಿ ಅಂಥದ್ದೇ ಗುರಾಣಿ, ಆದರೆ ಬೆಳಗಿನ ಎರಡು ಲೋಟದ ಮಟ್ಟಿಗೆ ವೈದ್ಯರ ತಕರಾರಿಲ್ಲ.

ಏಳನ್ನೂ ಪುಡಿ ಮಾಡಿ ರಾತ್ರಿ ನೀರಿನಲ್ಲಿ ನೆನೆಸಿಟ್ಟೆ. ಬೆಳಿಗ್ಗೆ ಕೈಗವಸು ತೊಟ್ಟು ಸೋಸಿ, ತಾರಸಿಯ ದಾಸವಾಳಕ್ಕೆ ಸಿಂಪಡಿಸಿದೆ. ವಾರದಲ್ಲಿ ಹೇನು ಸತ್ತಿತು. ‘ಎಷ್ಟು ಮೃದುವಾದ ಔಷಧ’ ಎಂದು ನನ್ನಾಕೆ ನಕ್ಕಳು.

ಈಗ ಬೆಳಗಿನ ಕಾಫಿಯನ್ನು ಇಬ್ಬರೂ ಅದೇ ಬಾಲ್ಕನಿಯಲ್ಲಿ ಕುಡಿಯುತ್ತೇವೆ. ಮುಕ್ಕಾಲು ಗಂಟೆ ಹಿಡಿಯುವುದಿಲ್ಲ. ಹತ್ತು ನಿಮಿಷದಲ್ಲಿ ಲೋಟ ಬರಿದಾಗುತ್ತದೆ. ಒಮ್ಮೊಮ್ಮೆ ಆ ಕೆನೆಯ ನುಣುಪು ನೆನಪಾಗುವುದುಂಟು. ಆಗ ಇನ್ನರ್ಧ ಲೋಟ ಕಾಫಿ ಕೇಳುತ್ತೇನೆ.