ಬೀಟೆಯ ಪಟ್ಟಿ, ಉಕ್ಕಿನ ಸರಳು

ನಾಲ್ಕು ಸ್ಕ್ರೂ ಬಿಚ್ಚಿದರೆ ಕತ್ತು ಕೈಗೆ ಬರುತ್ತದೆ. ಅದು ಕೂತಿದ್ದ ಗುಳಿಯಲ್ಲಿ ಹಳೇ ಮೆರುಗೆಣ್ಣೆಯ ವಾಸನೆ, ಕತ್ತಿನ ಬುಡದಲ್ಲಿ ಮಾಸಿಹೋದ ಅಂಕಿಗಳ ಮೊಹರು, ಗುಳಿಯ ತಳಕ್ಕೆ ಅಂಟಿಕೊಂಡ ಒಂದು ರಟ್ಟಿನ ಚೂರು. ಗೆಳೆಯರೊಬ್ಬರ ಫೆಂಡರ್ ಪ್ರಿಸಿಷನ್ ಬೇಸ್ ಗಿಟಾರ್ ಅದು, 1970ರ ದಶಕದ್ದು. ಮೊಹರು ಕಂಡದ್ದೇ ತಡ, ಅವರು ಫೋನ್ ತೆಗೆದು ಫೋಟೊ ಹೊಡೆದರು. ರಟ್ಟನ್ನು ಉಗುರಿನಿಂದ ಕೆರೆದು ಎಸೆಯಲು ಹೊರಟರು. ತಡೆದೆ. ಮೊಹರು ಹೇಳುವುದು ಕತ್ತಿನ ವಯಸ್ಸನ್ನಷ್ಟೇ; ಮೈ ಬೇರೆ ತಿಂಗಳಿನದಿರಬಹುದು, ಎರಡನ್ನೂ ಜೋಡಿಸಿದ್ದು ಇನ್ನೂ ತಡವಾಗಿರಬಹುದು. ರಟ್ಟಾದರೋ ಇವತ್ತಿಗೂ ಕೆಲಸ ಮಾಡುತ್ತಿದೆ.

ಗುಳಿಯ ಒಳತುದಿಯಲ್ಲಿ ಅರ್ಧ ಮಿ.ಮೀ. ದಪ್ಪದ ಚೂರಿಟ್ಟರೆ ಕತ್ತು ಕಣ್ಣಿಗೆ ಕಾಣದಷ್ಟು ಹಿಂದಕ್ಕೆ ವಾಲುತ್ತದೆ. ಅಲ್ಲಿಂದ ಕುದುರೆಗೆ ಗೇಣಿಗಿಂತ ಹೆಚ್ಚು ದೂರ. (ಬ್ರಿಡ್ಜ್‌ಗೆ ವೀಣೆಯವರ ಹೆಸರನ್ನೇ ಬಳಸುತ್ತಿದ್ದೇನೆ, ಕೆಲಸ ಒಂದೇ ತಾನೆ.) ಅಷ್ಟು ದೂರ ಹೋಗುವುದರೊಳಗೆ ಆ ಅರ್ಧ ಮಿ.ಮೀ. ವ್ಯತ್ಯಾಸ ಹೆಚ್ಚುಕಡಿಮೆ 2 ಮಿ.ಮೀ. ಆಗಿರುತ್ತದೆ. ತಂತಿ ಬೆರಳಿಗೆ ಹಗುರವಾಗಿ ಸಿಗುವುದಕ್ಕೂ ಬೆರಳು ನೋಯುವುದಕ್ಕೂ ಇರುವ ಅಂತರ ಅಷ್ಟೇ. ಕ್ಯಾಲಿಫೋರ್ನಿಯದ ಫುಲರ್ಟನ್ ಕಾರ್ಖಾನೆಯಲ್ಲೇ ಇಂಥ ಚೂರು ಇಡುವ ರೂಢಿಯಿತ್ತು. ಹಳೇ ವಾದ್ಯದೊಳಗೆ ಕಸದಂತೆ ಕಾಣುವುದೆಲ್ಲ ಕಸವಲ್ಲ.

ಕತ್ತನ್ನು ಅಂಟು ಹಾಕದೆ ಸ್ಕ್ರೂ ಹೊಡೆದು ಕೂರಿಸಿದ್ದರ ಹಿಂದೆ ಒಬ್ಬ ರಿಪೇರಿಯವರ ತಲೆಯಿದೆ. ಲಿಯೊ ಫೆಂಡರ್ ಗಿಟಾರ್ ನುಡಿಸಲು ಬಾರದವರು. ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಕೆಟ್ಟ ಭಾಗವನ್ನು ಬಿಚ್ಚಿ ಬೇರೆ ಹಾಕುವಂತಿರಬೇಕು ಎಂಬುದು ಅವರ ಲೆಕ್ಕ. 1951ರಲ್ಲಿ ಅವರು ತಂದ ಈ ವಾದ್ಯಕ್ಕೆ ಪ್ರಿಸಿಷನ್ ಎಂಬ ಹೆಸರು ಬಂದದ್ದು ಅದರ ಫ್ರೆಟ್‌ಗಳಿಂದ: ಆಳೆತ್ತರದ ಡಬಲ್ ಬೇಸ್‌ನಲ್ಲಿ ಸ್ವರಸ್ಥಾನವನ್ನು ಬೆರಳು ತಾನೇ ಹುಡುಕಿಕೊಳ್ಳಬೇಕು, ಇಲ್ಲಿ ಲೋಹದ ಪಟ್ಟಿಯೇ ತೋರಿಸುತ್ತದೆ.

ಕುದುರೆಯಿಂದ ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರುವ ನಟ್‌ವರೆಗೆ 34 ಇಂಚು. ನಾಲ್ಕು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವು ಒಟ್ಟಾಗಿ ಕತ್ತನ್ನು ಎಳೆಯುವ ಬಲ ಸುಮಾರು 70ರಿಂದ 80 ಕಿಲೋ, ಒಬ್ಬ ಗಟ್ಟಿ ಆಳು ಹಗಲೂ ರಾತ್ರಿ ಜೋತುಬಿದ್ದ ಹಾಗೆ. ಮೇಪಲ್ ಮರ ಎಷ್ಟೇ ಗಡಸಾದರೂ ಬಿಲ್ಲಿನಂತೆ ಮುಂದಕ್ಕೆ ಬಾಗುತ್ತದೆ. ಅದನ್ನು ಹಿಂದಕ್ಕೆಳೆಯಲು ಕತ್ತಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಹುದುಗಿಸಿರುತ್ತಾರೆ. 1920ರ ದಶಕದಲ್ಲಿ ಗಿಬ್ಸನ್ ಕಂಪನಿಯವರು ಪೇಟೆಂಟ್ ಪಡೆದ ಉಪಾಯವದು. ಹಾಗೆಂದು ಕತ್ತು ಪೂರ್ತಿ ನೇರವಾಗಿರಬೇಕು ಎಂದಲ್ಲ. ಮಿಡಿದ ತಂತಿ ನಡುವಿನಲ್ಲೇ ಹೆಚ್ಚು ಅಗಲಕ್ಕೆ ಬೀಸುವುದರಿಂದ ಅಲ್ಲಿ ಚೂರು ತಗ್ಗು ಬೇಕು. ಮೊದಲ ಫ್ರೆಟ್‌ನಲ್ಲೂ ಕೊನೆಯದರಲ್ಲೂ ತಂತಿಯನ್ನು ಅದುಮಿ ಹಿಡಿದು ಏಳೆಂಟನೇ ಫ್ರೆಟ್‌ನ ಮೇಲೆ ನೋಡಿದರೆ 0.3 ಮಿ.ಮೀ. ಆಸುಪಾಸಿನ ಸಂದಿ ಕಾಣಬೇಕು. ಫೀಲರ್ ಗೇಜ್ ಇಲ್ಲದವರು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡುತ್ತಾರೆ, ತಪ್ಪೇನಿಲ್ಲ.

ಈ ಸಂದಿಯ ವಿಷಯದಲ್ಲಿ ನಾನೊಮ್ಮೆ ಮಾನ ಕಳೆದುಕೊಂಡಿದ್ದೇನೆ. ಬೆಂಗಳೂರಿನ ಒಣ ಮಾರ್ಚ್‌ನಲ್ಲಿ ಇದೇ ಬೇಸ್‌ನ ಸರಳನ್ನು ಬಿಗಿಮಾಡಿ, ಕತ್ತನ್ನು ಹೆಚ್ಚುಕಡಿಮೆ ನೇರ ಮಾಡಿ, ಬೆರಳು ಇಟ್ಟರೆ ಸಾಕು ಎನ್ನುವಷ್ಟು ತಂತಿ ಇಳಿಸಿ ಕೊಟ್ಟಿದ್ದೆ. ಜುಲೈನಲ್ಲಿ ಗೆಳೆಯರು ಅದನ್ನು ಮಂಗಳೂರಿಗೆ ಒಯ್ದರು. ಎರಡನೇ ದಿನ ರಾತ್ರಿ ಫೋನ್: ಮೊದಲ ನಾಲ್ಕು ಫ್ರೆಟ್‌ಗಳಲ್ಲಿ ಏನು ನುಡಿಸಿದರೂ ಝರ್ ಎನ್ನುತ್ತಿದೆ!

ಮರ ತೇವ ಕುಡಿದರೆ ಹಿಗ್ಗುತ್ತದೆ, ಅದೂ ನಾರಿನ ಉದ್ದಕ್ಕಿಂತ ಅಡ್ಡಕ್ಕೇ ಬಹಳ. ಕತ್ತಿನ ಬೆನ್ನಿಗೆ ಮೆರುಗೆಣ್ಣೆಯ ಹೊದಿಕೆಯಿದೆ, ತೇವ ಅಷ್ಟು ಸುಲಭವಾಗಿ ನುಗ್ಗದು. ಬೆರಳಾಡುವ ಮೇಲ್ಪಟ್ಟಿ ಬರೀ ಮೈಯ ಬೀಟೆ. ಮುಂಭಾಗ ಹಿಗ್ಗಿತು, ಬೆನ್ನು ಹಾಗೇ ಉಳಿಯಿತು. ಕತ್ತು ಹಿಂದಕ್ಕೆ ಬಾಗಿ, ನಾನು ಬಿಟ್ಟಿದ್ದ ಚೂರು ತಗ್ಗೂ ಮಾಯವಾಯಿತು. ಫೆಂಡರ್ ಕಾರ್ಖಾನೆ 1960ರ ದಶಕದ ಮಧ್ಯದಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಭಾರತದ ರೋಸ್‌ವುಡ್‌ಗೆ ಹೊರಳಿತ್ತು. ಅದೇ ನಮ್ಮ ಬೀಟೆ, ಮೈಸೂರಿನ ಕುಸುರಿ ಕೆಲಸದವರು ಪೆಟ್ಟಿಗೆ, ಫಲಕಗಳಿಗೆ ಬಳಸುವ ಮರ. ಕ್ಯಾಲಿಫೋರ್ನಿಯ ಸುತ್ತಿಬಂದ ಬೀಟೆ ಘಟ್ಟ ಇಳಿದು ಕರಾವಳಿಯ ಮಳೆಗಾಳಿ ಕುಡಿಯಿತು ಎಂದು ಹೇಳಿ ನುಣುಚಿಕೊಳ್ಳಬಹುದಿತ್ತು. ತಪ್ಪು ನನ್ನದೇ. ಈ ಹಳೇ ಸರಳು ಒಂದೇ ದಿಕ್ಕಿಗೆ ಎಳೆಯುವಂಥದ್ದು. ಸಡಿಲಿಸಬಹುದು, ಆದರೆ ಕತ್ತನ್ನು ಮುಂದಕ್ಕೆ ತಳ್ಳುವ ಶಕ್ತಿ ಅದಕ್ಕಿಲ್ಲ. ಸರಳಿನ ನಟ್ಟು ಇರುವುದೂ ಕತ್ತಿನ ಬುಡದಲ್ಲಿ, ಹಾಗಾಗಿ ಪ್ರತಿ ಸಲವೂ ತಂತಿ ಸಡಿಲಿಸಿ, ಕತ್ತು ಬಿಚ್ಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ಕೂರಿಸಿ ನೋಡಬೇಕು. ಕೂರಿಸುವಾಗ ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಿ. ಟಕ್ ಎಂದು ಹಳೇ ಜಾಡಿಗೆ ಬಿದ್ದದ್ದು ಬೆರಳಿಗೇ ತಿಳಿಯುತ್ತದೆ. ಆಮೇಲೆ ಬಿಗಿಮಾಡಿ. ನೇರವಾಗಿ ಬಿಗಿದರೆ ಮರದಲ್ಲಿ ಹೊಸ ಜಾಡು ಕೊರೆದು, ನಾಲ್ಕಾರು ಸಲದಲ್ಲಿ ತೂತು ಸಡಿಲಾಗುತ್ತದೆ.

ಕತ್ತು ಸರಿಹೋದ ಮೇಲೆ ತಂತಿಯ ಎತ್ತರ, ಎತ್ತರ ಸರಿಹೋದ ಮೇಲೆ ಸ್ವರಸ್ಥಾನ. ಈ ಸರದಿ ತಪ್ಪಿದರೆ ಮಾಡಿದ್ದನ್ನೇ ಮಾಡುತ್ತ ಕೂರಬೇಕಾಗುತ್ತದೆ, ಏಕೆಂದರೆ ಒಂದೊಂದೂ ಮುಂದಿನದನ್ನು ಕದಲಿಸುತ್ತದೆ. ವೀಣೆಗೆ ಮೇಳ ಕಟ್ಟುವವರು ಮೇಣ ಮೆದುವಾಗಿರುವಾಗಲೇ ಒಂದೊಂದು ಮೆಟ್ಟಿಲನ್ನೂ ಕಿವಿಗೊಟ್ಟು ಸರಿಸುತ್ತಾರೆ. ಬೇಸ್‌ನಲ್ಲಿ ಫ್ರೆಟ್‌ಗಳು ಗಣಿತ ಹೇಳಿದ ಜಾಗದಲ್ಲಿ ಬಡಿದು ಕೂತಿವೆ. ಸರಿಸಲು ಉಳಿದಿರುವುದು ಕುದುರೆಯ ಮೇಲಿನ ಸ್ಯಾಡಲ್ ಮಾತ್ರ. ಬೆರಳು ಅದುಮಿದಾಗ ತಂತಿ ಚೂರು ಹಿಗ್ಗಿ ಸ್ವರ ಏರುತ್ತದೆ. 12ನೇ ಫ್ರೆಟ್‌ನಲ್ಲಿ ಅದುಮಿ ನುಡಿಸಿದ ಸ್ವರ, ಅಲ್ಲೇ ಬೆರಳು ತಾಗಿಸಿಬಿಟ್ಟಾಗ ಬರುವ ಸ್ವರಕ್ಕಿಂತ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಮೊದಲ ಮಾದರಿಗಳಲ್ಲಿ ಎರಡು ತಂತಿಗೆ ಒಂದರಂತೆ ಎರಡೇ ಸ್ಯಾಡಲ್ ಇದ್ದವು. ನಿಖರತೆಯನ್ನೇ ಹೆಸರಾಗಿಟ್ಟುಕೊಂಡ ವಾದ್ಯಕ್ಕೆ ತಂತಿಗೊಂದು ಸ್ಯಾಡಲ್ ಸಿಕ್ಕಿದ್ದು 1957ರಲ್ಲಿ.

ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ಗೂ ಈಗಿನ ರೂಪ ಬಂದದ್ದು ಅದೇ ವರ್ಷ: ಎರಡು ತುಂಡಾದ ಸುರುಳಿ, ಮನೆಯ ವಿದ್ಯುತ್ತಿನ ಗುಂಯ್ ಸದ್ದನ್ನು ಒಂದು ಇನ್ನೊಂದರಲ್ಲಿ ಅಳಿಸಿಹಾಕುವಂತೆ ಜೋಡಿಸಿದ್ದು. ಅದನ್ನು ತಂತಿಗೆ ತೀರಾ ಹತ್ತಿರ ಏರಿಸಿದರೆ ಸದ್ದು ಜೋರಾಗುತ್ತದೆ ನಿಜ, ಆದರೆ ಆಯಸ್ಕಾಂತ ಉಕ್ಕಿನ ತಂತಿಯನ್ನು ಜಗ್ಗತೊಡಗಿ ಸ್ವರ ತೇಲಾಡುತ್ತದೆ. ವಾಲ್ಯೂಮ್ ಗುಂಡಿ ಚರಚರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಸಾಕು. ಒಳಗಿನ ಹಳೇ ಬೆಸುಗೆಗೆ ಕೈ ಹಾಕದಿರುವುದೇ ಲೇಸು.

ಉಳಿದದ್ದು ತಂತಿ. ಗೆಳೆಯರಿಗೆ ಹಳೇ ತಂತಿ ತೆಗೆಯಲು ಮನಸ್ಸಿಲ್ಲ, ಅದಕ್ಕೆ ಅವರು ಕೊಡುವ ಕಾರಣ ಜೇಮ್ಸ್ ಜೇಮರ್‌ಸನ್. ಡೆಟ್ರಾಯಿಟ್‌ನ ಮೋಟೌನ್ ಧ್ವನಿಮುದ್ರಿಕೆಗಳಿಗೆ ಬೇಸ್ ನುಡಿಸಿದ ಆ ಮಹಾಶಯರು 1962ರ ಪ್ರಿಸಿಷನ್‌ನಲ್ಲಿ ತಂತಿ ಕಡಿದರಷ್ಟೇ ಬದಲಿಸುತ್ತಿದ್ದರು. ಹಳೇ ತಂತಿ ಮೇಲಿನ ಉಪಸ್ವರಗಳನ್ನು ನುಂಗಿ, ಕೆಳಗಿನವನ್ನು ಉಳಿಸುತ್ತದೆ. ಅತಿ ಕೆಳಗಿನ ಇ ತಂತಿಯ ಕಂಪನ ಸೆಕೆಂಡಿಗೆ 41 ಬಾರಿ. ಅಂಗೈಯಗಲದ ರೇಡಿಯೊ ಸ್ಪೀಕರ್‌ಗೆ ಅದನ್ನು ಹೊರಡಿಸುವ ತಾಕತ್ತಿಲ್ಲ. ಆದರೂ ಕೇಳಿಸುತ್ತದೆ, ಹಳೇ ತಂತಿ ಉಳಿಸುವ ಆ ಕೆಳಗಿನ ಉಪಸ್ವರಗಳಿಂದಲೇ. 82, 124, 165ರ ಉಪಸ್ವರಗಳ ನಡುವಿನ ಅಂತರವನ್ನು ಹಿಡಿದು ಮಿದುಳು ಇಲ್ಲದ 41ನ್ನು ತಾನೇ ತುಂಬಿಕೊಳ್ಳುತ್ತದೆ.

ಆದರೆ ಜೇಮರ್‌ಸನ್ ಹಾಕುತ್ತಿದ್ದದ್ದು ಚಪ್ಪಟೆ ಪಟ್ಟಿ ಸುತ್ತಿದ ನುಣುಪು ತಂತಿ. ಗೆಳೆಯರದು ದುಂಡು ಸುತ್ತಿನದು. ಸುತ್ತುಗಳ ಸಂದಿಯಲ್ಲಿ ಬೆವರು, ಕೊಳೆ ಒಂದೊಂದು ಕಡೆ ಒಂದೊಂದಷ್ಟು ತುಂಬಿ, ತಂತಿಯ ತೂಕ ಉದ್ದಕ್ಕೂ ಒಂದೇ ಸಮ ಉಳಿದಿಲ್ಲ. ಅಂಥ ತಂತಿಯ ಮೇಲೆ ಸ್ಯಾಡಲ್ ಎಲ್ಲಿಗೆ ಸರಿಸಿದರೂ 12ನೇ ಫ್ರೆಟ್ ಕೂಡಿ ಬರುವುದಿಲ್ಲ. ಅರ್ಧ ಗಂಟೆ ಚರ್ಚೆಯಾದ ಮೇಲೆ ಅವರು ಚಪ್ಪಟೆ ಸುತ್ತಿನದಕ್ಕೆ ಒಪ್ಪಿದರು. ರಟ್ಟನ್ನು ಇದ್ದಲ್ಲೇ ಬಿಟ್ಟು, ಕತ್ತು ಕೂರಿಸಿ, ಹೊಸ ತಂತಿಯನ್ನು ಶ್ರುತಿಗೆ ಏರಿಸಿ ರಾತ್ರಿಯಿಡೀ ಹಾಗೇ ಇಟ್ಟೆವು. ಬೆಳಗ್ಗೆ ನಾಲ್ಕೂ ತಂತಿ ಚೂರು ಚೂರು ಇಳಿದಿದ್ದವು, ಸಂದಿ ಕೂದಲೆಳೆಯಷ್ಟು ಹೆಚ್ಚಿತ್ತು. ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ ಗೆಳೆಯರಿಗೆ, ಇನ್ನೆರಡು ದಿನ ಹೋಗಲಿ ಎಂದೆ.